ಮಾವನ ಕೆ.ಎಚ್. ಹುಚ್ಚು

ನಮ್ಮ ದೊಡ್ಡ ಸೋದರಮಾವ ಮದುವೆಯಾಗಿಲ್ಲ ಎನ್ನುತ್ತಾರಲ್ಲ, ಶುದ್ಧ ಸುಳ್ಳು! ಕೊಲ್ಹಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವನು ಮೂವತ್ತು ವರ್ಷದಿಂದ ಕೆ.ಎಚ್. ಡೊಮೈನ್ ಜೊತೆ ಸಂಸಾರ ಮಾಡುತ್ತಿದ್ದಾನೆ. ಯಾರವಳು ಎನ್ನಬೇಡಿ. ಅದು ಪ್ರೋಟೀನಿನ ಒಂದು ಪುಟ್ಟ ಭಾಗ. ಜೀವಕೋಶದಲ್ಲಿ ಸುದ್ದಿ ಒಯ್ಯುವ ಆರ್.ಎನ್.ಎ. ಎಂಬ ಎಳೆಯನ್ನು ಹಿಡಿದುಕೊಳ್ಳುವುದೇ ಅದರ ಕೆಲಸ.

ಒಮ್ಮೆ ಗಡಹಿಂಗ್ಲಜದ ಬಸ್ಸಿನಲ್ಲಿ ಪಕ್ಕದ ಬೆಲ್ಲದ ವ್ಯಾಪಾರಿಗೆ ಶುರುಹಚ್ಚಿಕೊಂಡ.

"ಕೋಟಿಗಟ್ಟಲೆ ವರ್ಷ ಆದ್ರೂ ಇದು ಹಿಡಿತ ಬಿಟ್ಟಿಲ್ಲರಿ! ಬ್ಯಾಕ್ಟೀರಿಯಾದಾಗ ಐತಿ, ನಿಮ್ಮ ಬೆಲ್ಲಕ್ಕ ಮುತ್ತೋ ಇರಿವ್ಯಾಗ ಐತಿ, ನಿಮ್ಮೊಳಗೂ ಐತಿ!"

ವ್ಯಾಪಾರಿ ಗಾಬರಿಯಿಂದ ಹೊಟ್ಟೆ ಮುಟ್ಟಿ ನೋಡಿಕೊಂಡ. "ಆಪರೇಷನ್ ಮಾಡಸಬೇಕಾಗ್ತೈತೇನ್ರಿ?"

ಇಚಲಕರಂಜಿಯ ನಮ್ಮ ಮನೆಗೆ, ನನ್ನ ಮಗಳ ತೊಟ್ಟಿಲ ಕಾರ್ಯಕ್ಕೆ ಬಂದಾಗಲೂ ಅದೇ ಕಥೆ. ಕೂಸಿನ ಮುಷ್ಟಿ ನೋಡುತ್ತ ನಿಂತುಬಿಟ್ಟ. "ಈ ಬೆರಳು ಮೂಡಾಕ ಯಾವ ಸುದ್ದಿ ಯಾವಾಗ ಓದಬೇಕಂತ ಎಷ್ಟ್ ಕೋಶಕ್ಕ ಗೊತ್ತಿರಬೇಕು, ವಿಚಾರ ಮಾಡವಾ!" ಎಂದ. ಹೆಸರೇನಿಡೋಣ ಎಂದು ನನ್ನ ಅತ್ತೆ ಕೇಳಿದರೆ, "ಕೆ ಅಕ್ಷರದಿಂದ ಇಡ್ರಿ!" ಮಗಳು ಕೇತಕಿಯಾದಳು. ಎಚ್ ಸೇರಿಸದಿದ್ದದ್ದೇ ಪುಣ್ಯ! ಎಲ್ಲರೂ ನಕ್ಕರು. ನಾನು ಮಾತ್ರ ಆ ಬೆರಳುಗಳನ್ನು ಮೊದಲ ಸಲ ನೋಡುವವಳಂತೆ ನೋಡುತ್ತ ಕುಳಿತೆ.

ನೂಲ ಎಂಬ ಹಳ್ಳಿಯಲ್ಲಿ ಅಜ್ಜಿಯ ಜೊತೆ ನನ್ನ ಸಣ್ಣ ಮಾವ, ಅಂದರೆ ದೊಡ್ಡ ಮಾವನ ತಮ್ಮ, ಇರುತ್ತಾನೆ. ನಲವತ್ತು ದಾಟಿದೆ; ಯಾರ ಮುಖವನ್ನೂ ನೇರ ನೋಡುವುದಿಲ್ಲ, ಹೇಳಿದ್ದನ್ನೇ ಹೇಳುತ್ತಾನೆ. ಅವನು ಹೊಟ್ಟೆಯಲ್ಲಿದ್ದಾಗ ತಾನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದದ್ದೇ ಇದಕ್ಕೆ ಕಾರಣವೆಂದು ಅಜ್ಜಿ ನಂಬಿದ್ದಳು. ದೊಡ್ಡ ಮಾವನಿಗೆ ಬೇರೆಯೇ ಅನುಮಾನ. ಆದರೆ ರಕ್ತ ಪರೀಕ್ಷೆಗೆ ಕರೆದೊಯ್ದರೆ ಸೂಜಿ ಕಂಡು ತಮ್ಮ ಓಡುತ್ತಿದ್ದ. ಹೋದ ವರ್ಷ ದೊಡ್ಡ ಮಾವ ಅವನೆದುರಿಗೆ ಆರು ಸಲ ತನ್ನ ತೋಳಿಗೇ ಚುಚ್ಚಿಸಿಕೊಂಡ. ಏಳನೆಯ ಸಲ ತಮ್ಮ ತಾನಾಗಿ ತೋಳು ಚಾಚಿದ.

ವರದಿ ಬಂದ ದಿನ ನಾನೂ ಅಲ್ಲಿದ್ದೆ. ದೊಡ್ಡ ಮಾವ ಅಜ್ಜಿಯ ಕಾಲ ಬಳಿ ಕುಳಿತ.

"ಅವ್ವಾ, ಆ ಕೆ.ಎಚ್. ಇರೋ ಒಂದು ಪ್ರೋಟೀನ್ ಮಿದುಳಿಗೆ ಬೇಕಾಗ್ತೈತಿ. ತಮ್ಮನ ಮೈಯಾಗ ಅದು ತಯಾರ ಆಗೂದಿಲ್ಲ. ಹಿಂಗಾಗೂದು ಯಾರ ಕೈಯಾಗೂ ಇರಲಿಲ್ಲ. ನೀ ಬಿದ್ದಿದ್ದಕ್ಕ ಅಲ್ಲ."

ಅಜ್ಜಿ ಬಗ್ಗಿ ಅವನ ಮುಖ ನೋಡಿದಳು.

"ಅನುಮಾನ ಇದ್ರ ಇಷ್ಟ್ ವರ್ಷ ಯಾಕ ಹೇಳಲಿಲ್ಲೋ?"

"ಖಾತ್ರಿ ಇಲ್ಲದ ಮಾತ ನಿನಗ ಹೆಂಗ ಹೇಳ್ಲಿ?"

ಅಜ್ಜಿ ದೊಡ್ಡ ಮಾವನ ಅಂಗಿಯ ತೋಳು ಮೇಲೆ ಸರಿಸಿದಳು. ಸೂಜಿಯ ಗುರುತು ಎಂದೋ ಮಾಯವಾಗಿತ್ತು. ಅವಳು ಆ ಜಾಗ ಸವರುತ್ತಲೇ ಇದ್ದಳು.