ನನ್ನ ಆಲ್ಬಮ್ಮೂ ಬಂಡೂರು ಕುರಿಯೂ

ನನಗೆ ಹಾಡಲು ಬರುತ್ತದೆ ಎಂಬ ವಿಷಯದಲ್ಲಿ ನನಗೆಂದೂ ಅನುಮಾನವಿರಲಿಲ್ಲ. ಅನುಮಾನವೇನಿದ್ದರೂ ಮಂಡ್ಯದ ನಮ್ಮ ಚರ್ಚಿನ ಉಳಿದವರಿಗೆ. ಹದಿನೆಂಟು ವರ್ಷ ಗಾನವೃಂದದ ಕೊನೆಯ ಸಾಲಿನಲ್ಲಿ, ಮೈಕಿಗೆ ಎಟುಕದ ಜಾಗದಲ್ಲಿ ನಿಂತು ಸಾಕಾಗಿತ್ತು. ಈ ಕ್ರಿಸ್ಮಸ್ಸಿಗೆ ಒಬ್ಬನೇ ಮುಂದೆ ನಿಂತು ಹಾಡುತ್ತೇನೆ ಎಂದು ಫಾದರ್ ಹತ್ತಿರ ಕೇಳಿಯೇಬಿಟ್ಟೆ.

ಫಾದರ್ ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಆಲ್ಬಂ ಮಾಡ್ತಾ ಇದ್ದೀರಂತಲ್ಲ ಜೋಸೆಫ್. ಮೊದಲು ಅದನ್ನ ಜನ ಮೆಚ್ಚಲಿ. ಆಮೇಲೆ ನೋಡೋಣ."

ನೋಡೋಣ ಎಂದರೆ ಆಯ್ತು ಎಂದೇ ನಾನು ತಿಳಿದೆ!

ಆಲ್ಬಂ ಹೆಸರು 'ಕುರುಬನ ಕರೆ'. ಯೇಸುವಿನ ಮೇಲೆ ಆರು ಹಾಡು, ಸಾಹಿತ್ಯ ನನ್ನದೇ. ಗಿಟಾರು, ಡ್ರಮ್ಮು ಎಲ್ಲ ಈ ಕಾಲದ್ದು. ಮೊದಲ ಹಾಡಿನಲ್ಲಿ ದಾರಿ ತಪ್ಪಿದ ಕುರಿಯೊಂದು ಅರಚಬೇಕಿತ್ತು. ಸ್ಟುಡಿಯೋ ಸಿದ್ದು ಕಂಪ್ಯೂಟರಿನಿಂದ ಒಂದು "ಬ್ಯಾ" ಕೇಳಿಸಿದ. ಅದು ಫಾರಿನ್ ಕುರಿ! ಕುರಿಗೇ ಹೆಸರಾದ ಬಂಡೂರನ್ನು ಕೂಗಳತೆಯಲ್ಲಿ ಇಟ್ಟುಕೊಂಡು ಫಾರಿನ್ ಕುರಿಯೇ? ಕೂಡದು ಎಂದೆ.

ಬಂಡೂರಿನಲ್ಲಿ ನಿಂಗಣ್ಣ ಎಂಬವನ ಕುರಿಯ ಮುಂದೆ ಒಂದು ಗಂಟೆ ಮೊಬೈಲು ಹಿಡಿದು ಕೂತೆ. ಅದು ಮೆಲುಕು ಹಾಕುತ್ತಾ ನನ್ನನ್ನೇ ನೋಡಿತು. ಸ್ಟುಡಿಯೋಗೆ ಒಂದು ದಿನದ ಮಟ್ಟಿಗೆ ಕೊಡಪ್ಪ ಎಂದೆ.

"ಬಾಡ್ಗೆಗ್ ಕೊಡಕೆ ಇದೇನ್ ಸಾಮಿಯಾನ್ವಾ ಸ್ವಾಮಿ? ಬೇಕಾದ್ರೆ ತಕಂಡೋಗಿ, ಬ್ಯಾಡಾಂದ್ರೆ ಬುಡಿ" ಎಂದ ನಿಂಗಣ್ಣ.

ಕಲೆಗಾಗಿ ಕೊಂಡೇಬಿಟ್ಟೆ. ಆಟೋದಲ್ಲಿ ಕೂರಿಸಿಕೊಂಡು ಹೊರಟವನು ದಾರಿಯಲ್ಲಿ ಕಾಫಿಗೆಂದು ಇಳಿದೆ. ಕುಡಿದು ಬರುವಷ್ಟರಲ್ಲಿ ಸೀಟಿನ ಮೇಲಿಟ್ಟಿದ್ದ ಹಾಡಿನ ಹಾಳೆಯಲ್ಲಿ ಮೂರನೆಯ ಚರಣವನ್ನು ಕುರಿ ತಿಂದು ಮುಗಿಸಿತ್ತು.

ಬರೆದ ನನಗೇ ಅದು ನೆನಪಿರಲಿಲ್ಲ. ಕೋರಸ್ಸಿಗೆಂದು ಸ್ಟುಡಿಯೋಗೆ ಬಂದಿದ್ದ ನನ್ನ ಹೆಂಡತಿ ಸ್ಟೆಲ್ಲಾ ಪಟಪಟನೆ ಹೇಳಿದಳು. "ಆರ್ ತಿಂಗಳಿಂದ ಅಡಿಗೆಮನೇಲಿ ಕೇಳ್ತಾ ಇವ್ನಿ, ಬಾಯಿಪಾಠ ಆಗ್ದೆ ಇನ್ನೇನಾದದು?"

ರೆಕಾರ್ಡಿಂಗ್ ಶುರುವಾಯಿತು. ನಾನು ಬಾಯಿ ತೆರೆದದ್ದೇ ತಡ, ಕುರಿ ಅರಚಿತು. ನಿಲ್ಲಿಸಿದೆ, ಅದೂ ನಿಲ್ಲಿಸಿತು. ಸ್ಟೆಲ್ಲಾ ಹಾಡಿದಾಗ ಮಾತ್ರ ಕಣ್ಣು ಮುಚ್ಚಿ ಕೇಳಿತು.

"ಸಾರ್, ಅಕ್ಕಾರ್ ಆಡುದ್ರೆ ಸುಮ್ಕಿರ್ತದೆ. ನೀವ್ ಆಡುದ್ರೆ ಅರಚ್ಕತದೆ. ಏನ್ಮಾಡನ?" ಎಂದ ಸಿದ್ದು.

"ನನ್ನ ಹಾಡಿಗೆ ಸ್ಪಂದಿಸುತ್ತಿದೆ. ಹಾಗೇ ಇರಲಿ" ಎಂದೆ ಗಂಭೀರವಾಗಿ.

ಕುರಿಯನ್ನು ತಬ್ಬಿಕೊಂಡ ನನ್ನ ಫೋಟೋವೇ ಆಲ್ಬಮ್ಮಿನ ಮುಖಪುಟವಾಯಿತು. ಅಭಿಪ್ರಾಯ ತಿಳಿಸಲೆಂದು ಕೆಳಗೆ ದಪ್ಪಕ್ಷರದಲ್ಲಿ ನನ್ನ ಮೊಬೈಲ್ ನಂಬರು. ಯೂಟ್ಯೂಬಿಗೆ ಹಾಕಿ, ವಾಟ್ಸಾಪಿನಲ್ಲಿ ಸಿಕ್ಕ ಗ್ರೂಪಿಗೆಲ್ಲ ಕಳಿಸಿದೆ.

ಬೆಳಿಗ್ಗೆಯೇ ಮಳವಳ್ಳಿಯಿಂದ ಫೋನು. "ಅಣ್ಣಾ, ನಿಮ್ದು ನೋಡ್ದೆ. ಸೂಪರ್ ಕಣಣ್ಣ!"

ಕಣ್ಣು ತುಂಬಿ ಬಂತು. "ಯಾವ ಹಾಡು ಹಿಡಿಸಿತಪ್ಪ?"

"ಹಾಡಾ? ಕುರಿ ಕಣಣ್ಣ! ಏನ್ ಮೈಕಟ್ಟಣ್ಣ ಅದು! ಕೊಡದಾ?"

ಮಧ್ಯಾಹ್ನದೊಳಗೆ ಇಪ್ಪತ್ತು ಫೋನು. ಎಲ್ಲವೂ ಕುರಿಗೇ! ಬಸರಾಳಿನ ಗೌಡರೊಬ್ಬರಿಗೆ ಬೀಗರ ಊಟಕ್ಕೆ ಇಂಥವೇ ಎರಡು ಬೇಕಂತೆ. "ಹಾಡು ಕೇಳಿದಿರಾ?" ಎಂದೆ ಆಸೆಯಿಂದ.

"ಮೊದ್ಲು ಕುರಿ ಕಳ್ಸಿ. ಬಾಡು ಬೇಯೋಗಂಟ ಕೇಳ್ತೀವಿ."

ಸಿಟ್ಟಿಗೆ ಕುರಿಯನ್ನು ಕೊಟ್ಟೇಬಿಡೋಣ ಎಂದರೆ ಸ್ಟೆಲ್ಲಾ ಅಡ್ಡ ನಿಂತಳು. "ಕೊಡಂಗಿಲ್ಲ ಕಣ್ರೀ. ಈ ಮನೇಲಿ ನನ್ ಹಾಡ ಕೂತ್ಕಂಡ್ ಕೇಳದು ಅದೊಂದೇಯ."

ಹದಿನೆಂಟು ವರ್ಷ ನಾನೊಬ್ಬನೇ ಕೊನೆಯ ಸಾಲಿನಲ್ಲಿದ್ದೇನೆಂದು ಕೊರಗಿದವನು, ಆ ಮಾತಿಗೆ ನಿಜಕ್ಕೂ ನಾಚಿಕೆಪಟ್ಟೆ.

ವಾರ ಕಳೆದು ಫಾದರ್ ಮನೆಗೇ ಬಂದರು. "ಜನ ಬಹಳ ಮೆಚ್ಚಿದ್ದಾರಂತೆ!" ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ. ಅವರು ನನ್ನನ್ನು ದಾಟಿ ಹಿತ್ತಲಿಗೆ ಹೋಗಿ ಕುರಿಯ ಬೆನ್ನು ಸವರಿದರು. "ಈ ಸಲ ಬಾಲಯೇಸುವಿನ ಗೋದಲಿಗೆ ಗೊಂಬೆ ಕುರಿ ಬೇಡ. ಇದೇ ಇರಲಿ."

"ಹಾಡು, ಫಾದರ್?"

"ನಿಮ್ಮ ಹಾಡೇ. ಸ್ಟೆಲ್ಲಾ ಹಾಡಲಿ. ಕುರಿ ಸುಮ್ಮನಿರಬೇಕಲ್ಲ!"

ಕ್ರಿಸ್ಮಸ್ ದಿನ ಸ್ಟೆಲ್ಲಾ ಮೈಕಿನ ಮುಂದೆ ನಿಂತು ಹಾಡಿದಳು. ಚೆನ್ನಾಗಿಯೇ ಹಾಡಿದಳು, ನನಗಿಂತ ಎಷ್ಟೋ ಚೆನ್ನಾಗಿ. ನಾನು ಗೋದಲಿಯ ಪಕ್ಕದಲ್ಲಿ, ಮೈಕಿಗೆ ಎಟುಕದ ಜಾಗದಲ್ಲಿ, ಹಗ್ಗ ಹಿಡಿದು ನಿಂತಿದ್ದೆ. ಮೂರನೆಯ ಚರಣ ಬಂದಾಗ ತಡೆಯಲಾಗಲಿಲ್ಲ. ಮೆಲ್ಲಗೆ ಒಂದೇ ಒಂದು ಸಾಲು ದನಿಗೂಡಿಸಿದೆ.

"ಬ್ಯಾ...!"

ಇಡೀ ಚರ್ಚು ನನ್ನ ಕಡೆ ತಿರುಗಿತು. ನೋಡಿದ್ದು ಕುರಿಯನ್ನು.