ರೆಫರಿಯ ಮನೆಯಿಂದ ಮೈದಾನದಂಚಿನ ಟಿವಿಯವರಿಗೆ

ಮೈದಾನದ ಅಂಚಿನಲ್ಲಿ, ಬಣ್ಣದ ಛತ್ರಿಯ ನೆರಳಿನಲ್ಲಿ, ಮೂರು ಕಾಲಿನ ಪೀಠದ ಮೇಲೆ ವಿರಾಜಮಾನರಾಗಿರುವ ಶ್ರೀ ವಿಡಿಯೊ ಮರುವೀಕ್ಷಣಾ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಕೋಲ್ಕತ್ತದ ಗಾರ್ಡನ್ ರೀಚ್ ರೈಲ್ವೆ ಕ್ವಾರ್ಟರ್ಸಿನಿಂದ ಲೀಲಾ ಮಾಡುವ ಅನಂತ ನಮಸ್ಕಾರಗಳು. ನಂಜುಂಡೇಶ್ವರನ ದಯೆಯಿಂದ ನಾವಿಲ್ಲಿ ಕ್ಷೇಮ. ತಮ್ಮ ವೈರುಗಳು, ತಮ್ಮ ಗಾಜು, ಬಿದಿರಿನ ಗಳದ ತುದಿಗೆ ಕಟ್ಟಿರುವ ತಮ್ಮ ಕಣ್ಣುಗಳು ಎಲ್ಲವೂ ಕ್ಷೇಮವಾಗಿವೆಯೆಂದು ನಂಬಿದ್ದೇನೆ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು, ತಮಗೆ ಕನ್ನಡ ಬರುತ್ತದೆಯೋ ಇಲ್ಲವೋ ಅರಿಯೆ; ಆದರೂ ಕಂಡದ್ದನ್ನೇ ಹಿಂದೆ ಮುಂದೆ ಎಳೆದು ಎಷ್ಟು ಸಲ ಬೇಕಾದರೂ ನೋಡುವವರಿಗೆ ನನ್ನ ಅಕ್ಷರ ಕಷ್ಟವಾಗಲಾರದೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನನ್ನ ಕೋರಿಕೆ ಒಂದೇ. ತಾವು ನಮ್ಮನೆಯವರಿಂದ ತೆಗೆದುಕೊಂಡ ಮನಸ್ಸಿನ ಗಟ್ಟಿತನವನ್ನು ಬರುವ ಭಾನುವಾರದೊಳಗೆ ಹಿಂದಿರುಗಿಸಬೇಕು. ಅಂದು ನಮ್ಮ ಬಡಾವಣೆಯ ಶೀಲ್ಡಿನ ಫೈನಲ್ ಪಂದ್ಯ, ಸೀಟಿ ಊದಬೇಕಾದವರು ಅವರು, ಅವರೋ ಸೀಟಿಯನ್ನೇ ವಾಪಸು ಕೊಟ್ಟುಬಿಡುತ್ತೇನೆಂದು ಗೋಡೆ ನೋಡುತ್ತ ಕೂತಿದ್ದಾರೆ.

ಗಂಡನ ಹೆಸರು ಹೇಳುವ ಅಭ್ಯಾಸ ನನಗಿಲ್ಲ, ಆದರೆ ದೂರು ಎಂದ ಮೇಲೆ ಬರೆಯಲೇಬೇಕು: ವೀರಭದ್ರ. ವಾರವಿಡೀ ರೈಲ್ವೆಯ ಲೆಕ್ಕಪತ್ರದ ಕಚೇರಿ, ರಜೆ ಬಂದರೆ ಫುಟ್‌ಬಾಲ್ ರೆಫರಿ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನೋಡುತ್ತಿದ್ದೇನೆ, ಅವರು ಊದಿದರೆ ಊದಿದರು, ಕೈ ತೋರಿಸಿದರೆ ತೋರಿಸಿದರು. ಎರಡೂ ಕಡೆಯ ಜನ ಸೇರಿ ಅವರ ಕನ್ನಡಕವನ್ನು, ಹೊಟ್ಟೆಯನ್ನು, ಮದರಾಸನ್ನು (ಕನ್ನಡದವರೆಂದು ಎಷ್ಟು ಹೇಳಿದರೂ ಇಲ್ಲಿಯವರಿಗೆ ನಾವು ಮದರಾಸಿನವರೇ) ಬಾಯಿಗೆ ಬಂದಂತೆ ಬೈದರೂ, ಮನೆಗೆ ಬಂದು ಒಂದು ಚೊಂಬು ಮಜ್ಜಿಗೆ ಕುಡಿದು ಮಗುವಿನಂತೆ ಮಲಗುತ್ತಿದ್ದರು.

ಹೀಗಿರುವಾಗ ಬೇರೊಂದು ಪಂದ್ಯಾವಳಿಯ ಸಮಿತಿಯವರು ದೊಡ್ಡ ದೇಶಗಳ ದೊಡ್ಡ ಮೈದಾನಗಳನ್ನು ಟಿವಿಯಲ್ಲಿ ನೋಡಿ, ನಮಗೂ ಒಂದಿರಲಿ ಎಂದು ತಮ್ಮನ್ನು ಬಾಡಿಗೆಗೆ ತಂದರು. ಸೆಮಿಫೈನಲ್ಲಿನ ಹಿಂದಿನ ದಿನ ನಮ್ಮನೆಯವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ನಾಳೆ ವಾರ್ ಇದೆ ಕಣೇ, ಊಟ ಲೇಟಾಗ್ಬೋದು" ಎಂದರು. ನಮ್ಮ ಕಡೆ ವಾರ ಎಂದರೆ ಮನೆದೇವರ ದಿನ. ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು, ಪೂಜೆಯಾಗುವವರೆಗೆ ಬಾಯಿಗೆ ಏನನ್ನೂ ಹಾಕದ ದಿನ. ನಮ್ಮ ವಾರ ಸೋಮವಾರ. ಶನಿವಾರ ಇದ್ಯಾವ ಹೊಸ ವಾರ, ಅಂತೂ ಈ ವಯಸ್ಸಿಗಾದರೂ ದೇವರು ಬುದ್ಧಿ ಕೊಟ್ಟನಲ್ಲ ಎಂದು ಹಿಗ್ಗಿ, ಮರುದಿನ ನಾನೂ ಉಪವಾಸವಿದ್ದು, ಈರುಳ್ಳಿ ಬೆಳ್ಳುಳ್ಳಿ ಮುಟ್ಟದೆ ಅಡುಗೆ ಮಾಡಿಟ್ಟೆ. ಕಾಲೇಜಿನಿಂದ ಬಂದ ಮಗಳು ಖುಷಿ, "ಅಯ್ಯೋ ಅಮ್ಮಾ, ಅದು ದೇವ್ರ ವಾರ ಅಲ್ಲ, ವಿ ಎ ಆರ್, ವಾರ್ ಅಂದ್ರೆ ಟಿವಿ! ಟಿವಿ ನೋಡಿ ಡಿಸಿಷನ್ ಕೊಡೋದು!" ಎಂದು ನಕ್ಕು ನಕ್ಕು ನೆಲಕ್ಕೆ ಕೂತಳು. ಪಕ್ಕದ ಮನೆಯ ಬುಲ್ಬುಲ್ ಬೌದಿ, ಅಂದರೆ ಬುಲ್ಬುಲ್ ಅತ್ತಿಗೆ, ತಮ್ಮನ್ನು ಬಂಗಾಳಿ ನಾಲಗೆಯಲ್ಲಿ 'ಭಾರ್' ಎಂದು ಕರೆಯುತ್ತಾರೆ. ಆ ಪದಕ್ಕೆ ಅವರ ಭಾಷೆಯಲ್ಲೂ ನಮ್ಮ ಭಾಷೆಯಲ್ಲೂ ಅರ್ಥ ಒಂದೇ ಆದ್ದರಿಂದ, ತಮಗೆ ಅದೇ ಹೆಸರು ಹೆಚ್ಚು ಒಪ್ಪುತ್ತದೆಂದು ನನ್ನ ನಮ್ರ ಅಭಿಪ್ರಾಯ.

ಅಂದು ಹಸಿದ ಹೊಟ್ಟೆಯಲ್ಲೇ ನಾನೂ ಮೈದಾನಕ್ಕೆ ಬಂದೆ. ಗೋಲಿನ ಮುಂದೆ ಮಿಥುನ್ ಎಂಬ ಆಟಗಾರನ ಕೈಗೆ ಚೆಂಡು ಬಡಿಯಿತು. ನಮ್ಮನೆಯವರು ಅವನ ಪಕ್ಕದಲ್ಲೇ ಇದ್ದರು, ಕಂಡರು, ಪೆನಾಲ್ಟಿ ಎಂದು ಊದಿದರು. ಅಷ್ಟರಲ್ಲಿ ಅವರ ಕಿವಿಗೆ ಸಿಕ್ಕಿಸಿದ ಗುಂಡಿಯೊಳಗಿನಿಂದ ತಮ್ಮ ಕರೆ ಬಂತು. ಅವರು ಟಿವಿ ನೋಡುತ್ತೇನೆಂಬ ಸನ್ನೆಯಾಗಿ ಗಾಳಿಯಲ್ಲಿ ಎರಡು ಬೆರಳಿಂದ ಚೌಕ ಬರೆದು, ಓಡಿ ಬಂದು ತಮ್ಮೆದುರು ಬಗ್ಗಿ ನಿಂತರು. ಗಾಜಿನ ಮೇಲೆ ಬಿಸಿಲು. ಕೈ ಅಡ್ಡ ಹಿಡಿದು, ಹಂಡೆಯೊಳಗೆ ಬಿದ್ದ ಉಂಗುರ ಹುಡುಕುವವರಂತೆ ಇಣುಕಿದರು. ಆಟ ನೋಡಲು ಬಂದ ಜನಸಾಗರಕ್ಕೆ ಟಿವಿ ನೋಡುತ್ತಿರುವ ಒಬ್ಬ ಗೃಹಸ್ಥನ ಬೆನ್ನನ್ನು ಅಷ್ಟು ಹೊತ್ತು ದರ್ಶನ ಮಾಡಿಸಿದ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ಒದ್ದೆ ಬಟ್ಟೆ ಹಿಂಡಿದಂತೆ ಆ ಒಂದು ಕ್ಷಣವನ್ನು ತಾವು ಹಿಂಡಿ ಹಿಂಡಿ ತೋರಿಸಿದಿರಿ, ಆದರೆ ತಮ್ಮ ಬಿದಿರಿನ ಕಣ್ಣು ಇದ್ದ ಕಡೆಯಿಂದ ಮಿಥುನನ ಕೈ ಅವನ ಸೊಂಟದ ಹಿಂದೆ ಮರೆಯಾಗಿತ್ತು. ಪೆನಾಲ್ಟಿ ರದ್ದಾಯಿತು. ಜನ ಬೈಯಲಿಲ್ಲ. ಬೈದಿದ್ದರೆ ಅವರು ತಾಳಿಕೊಳ್ಳುತ್ತಿದ್ದರು. ಜನ ನಕ್ಕರು.

ಅದೇ ಸಂಜೆ ಮಿಥುನ್ ಸಂದೇಶ್ ಎಂಬ ಇಲ್ಲಿಯ ಸಿಹಿಯ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದ. ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸದವನು, ಕಾಲಿಗೆ ಬಿದ್ದು, "ದಾದಾ, ಹಾತೇಇ ಲೆಗೆಛಿಲೊ" ಎಂದ, ಅಣ್ಣಾ, ಚೆಂಡು ಕೈಗೇ ತಗುಲಿತ್ತು ಎಂದು. ನೀವು ಊದಿದಾಗ ನನ್ನ ಕತೆ ಮುಗಿಯಿತು ಎಂದುಕೊಂಡಿದ್ದೆ, ನಿಮ್ಮ ಕಣ್ಣು ಬಿಟ್ಟು ಆ ಡಬ್ಬಿಯ ಮಾತು ಯಾಕೆ ಕೇಳಿದಿರಿ ದಾದಾ, ಎಂದು ಅವನೇ ಕೇಳಿದ. ತಪ್ಪು ಮಾಡಿದವನಿಗೆ ಇದ್ದದ್ದು ಎರಡು ಕಾಲು, ನಡೆದುಕೊಂಡು ಬಂದ. ತಮಗೆ ಮೂರು ಕಾಲಿದ್ದೂ ತಾವು ಇವತ್ತಿನವರೆಗೆ ಬರಲಿಲ್ಲ.

ಅಂದಿನಿಂದ ನಮ್ಮ ಮನೆ ಮೈದಾನವಾಗಿದೆ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದರೆ, "ಒಂದ್ನಿಮಿಷ ಇರು" ಎಂದು ಇನ್ನೊಂದು ಸೌಟು, ಮತ್ತೊಂದು ಸೌಟು ಹಾಕಿಸಿಕೊಳ್ಳುತ್ತಾರೆ, ತೀರ್ಪು ಬರುವುದರೊಳಗೆ ಸಾರು ಮುಗಿದಿರುತ್ತದೆ. ಗರಿಯಾಹಾಟ್ ಪೇಟೆಯಲ್ಲಿ ಮಗಳ ಸೀರೆಗೆ ಹಸಿರೋ ನೀಲಿಯೋ ಎಂದು ಕೇಳಿದ್ದಕ್ಕೆ ಗಾಳಿಯಲ್ಲಿ ಚೌಕ ಬರೆದರು. ಅಂಗಡಿಯವನು ಪಾಪ, ಅಷ್ಟಗಲದ ಕರವಸ್ತ್ರ ತಂದು ಮುಂದಿಟ್ಟ.

ನ್ಯಾಯ ಬೇಡವೆನ್ನುವವಳು ನಾನಲ್ಲ. "ರೆಫರಿನೂ ಮಿಸ್ಟೇಕ್ ಮಾಡ್ತಾರಲ್ಲಮ್ಮ, ಸೋತೋರ್ಗೆ ಜಸ್ಟಿಸ್ ಬೇಡ್ವಾ?" ಎಂದು ಖುಷಿ ವಾದಿಸುತ್ತಾಳೆ, ಅವಳ ಮಾತಿನಲ್ಲೂ ಹುರುಳಿದೆ, ಗೆರೆ ದಾಟಿದ ಚೆಂಡನ್ನು ನಮ್ಮನೆಯವರೇ ಕಾಣದೆ ಹೋದದ್ದೂ ಉಂಟು. ಆದರೆ ಮಾನ್ಯರೇ, ಆ ತಪ್ಪಿಗೊಂದು ಮುಖವಿತ್ತು, ಜನ ಆ ಮುಖಕ್ಕೆ ಬೈದು ಮನೆಗೆ ಹೋದರು. ತಾವೋ ತೋರಿಸಿ ಸುಮ್ಮನಾಗುತ್ತೀರಿ. ಸರಿಯಾದರೆ ಕೀರ್ತಿ ತಮ್ಮದು, ಕೆಟ್ಟರೆ ಹೆಸರು ಅವರದು. ಇಂಥ ಉದ್ಯೋಗ ನಮ್ಮ ಖುಷಿಗೂ ಸಿಗುವುದಾದರೆ ಎಲ್ಲಿ ಅರ್ಜಿ ಹಾಕಬೇಕೆಂದು ದಯಮಾಡಿ ತಿಳಿಸಿ.

ಕಳೆದ ಸೋಮವಾರ ನಾನು ಬೇರೆ ದಾರಿ ಕಾಣದೆ ದೇವರ ತಲೆಯ ಮೇಲೆ ಹೂವಿಟ್ಟು ಕೇಳಿದೆ. ಬಲಗಡೆ ಬಿದ್ದರೆ ಸೀಟಿ ಇವರ ಹತ್ತಿರವೇ ಇರಲಿ, ಎಡಗಡೆ ಬಿದ್ದರೆ ಬಿಡಲಿ. ನಮ್ಮೂರಿನಲ್ಲಿ ಹೆಣ್ಣು ಕೊಡುವುದೂ ಬಾವಿ ತೋಡುವುದೂ ಹೀಗೇ ಕೇಳಿಯೇ. ಹೂವು ಬಲಕ್ಕೆ ಬಿತ್ತು. ನಾನು ಕೈಮುಗಿದು ಕಣ್ಣು ಬಿಟ್ಟರೆ ನಮ್ಮನೆಯವರು, "ಅದು ದೇವರ ಬಲಾನೋ, ನಮ್ ಬಲಾನೋ? ಫ್ಯಾನ್ ಗಾಳಿಗೆ ಬಿದ್ದಿದ್ರೆ? ಇನ್ನೊಂದ್ಸಲ ಇಡು, ಮೊಬೈಲಲ್ಲಿ ಹಿಡೀತೀನಿ" ಎಂದರು. ಮೊಬೈಲನ್ನು ಕಿತ್ತು ಅಕ್ಕಿಡಬ್ಬದಲ್ಲಿ ಹೂತಿಟ್ಟೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ತಾವು ಮೈದಾನದಲ್ಲಿ ಏನಾದರೂ ಮಾಡಿಕೊಳ್ಳಿ, ನನ್ನ ದೇವರ ಗೂಡಿಗೂ ಬರಬೇಕೇ?

ಈ ಊರಿನ ಕ್ಲಬ್ಬಿನವರು ಬಂಗಾಳಿ ಹೊಸವರ್ಷದ ದಿನ ಗೋಲಿನ ಕಂಬಕ್ಕೆ ಹೂವು ಹಾಕಿ, ಸಿಂಧೂರ ಹಚ್ಚಿ ಪೂಜೆ ಮಾಡುತ್ತಾರೆ. ಚೆಂಡು ಬಡಿದರೆ ಕಂಬ ಠಣ್ಣೆಂದು ತನ್ನ ಮಾತು ಹೇಳಿ ಮುಗಿಸುತ್ತದೆ, ಇನ್ನೊಮ್ಮೆ ನೋಡಿ ಹೇಳುತ್ತೇನೆ ಎನ್ನುವುದಿಲ್ಲ. ತಮಗೂ ಪೂಜೆ ಬೇಕಿದ್ದರೆ ಸಂಕೋಚಪಡಬೇಡಿ, ಆಯುಧಪೂಜೆಗೆ ಮೂರು ಕಾಲಿನಡಿಗೂ ಮೂರು ನಿಂಬೆಹಣ್ಣು ಇಟ್ಟು ತಮ್ಮನ್ನು ಮುಂದಕ್ಕೆ ಉರುಳಿಸಲು ನಾನು ಸಿದ್ಧಳಿದ್ದೇನೆ. ಗಂಗೆ ಹತ್ತಿರದಲ್ಲೇ ಇದೆ.

ಅಷ್ಟಕ್ಕೂ ತಾವು ಪರಿಶೀಲನೆ ಬಿಡುವುದಿಲ್ಲವೆಂದಾದರೆ, ಪೂರ್ತಿಯಾಗಿಯೇ ಮಾಡಿಬಿಡಿ. ಇವರು ಹೆಣ್ಣು ನೋಡಲು ಬಂದ ದಿನಕ್ಕೆ ಹಿಂದಿರುಗಿ. ನಾನು ಕಾಫಿ ಲೋಟ ಇಟ್ಟು ಒಳಗೆ ಹೋದೆ, ಇವರು ನೋಡಿದ್ದು ಒಂದೇ ಸಲ, ಅದೂ ಅರ್ಧ ಮುಖ, "ಆಗ್ಲಿ" ಎಂದುಬಿಟ್ಟರು. ಆ ನೋಟವನ್ನು ತಮ್ಮ ಎಲ್ಲ ಬಿದಿರುಗಳಿಂದಲೂ ನಿಧಾನಗತಿಯಲ್ಲಿ ನೋಡಿ, ತೀರ್ಪು ದುಡುಕಿನದೆಂದು ಕಂಡರೆ ಲಿಖಿತವಾಗಿ ತಿಳಿಸಿ. ಇಲ್ಲವಾದರೆ, ಅಂದು ಆ ಒಂದು ಮಾತು ಹೇಳಿದ ಮನುಷ್ಯನನ್ನು ನನಗೆ ವಾಪಸು ಕೊಡಿ.

ಒಂದೇ ಸಲ ನೋಡಿ ನಂಬುವ,
ತಮ್ಮ ವಿಶ್ವಾಸಿ,
ಲೀಲಾ ವೀರಭದ್ರ

ತಾ.ಕ.: ಈ ಪತ್ರವನ್ನು ಇಲ್ಲಿಯ ಕನ್ನಡ ಸಂಘದ ಸಂಚಿಕೆಗೆ ಕೊಡುವುದರೊಳಗೆ ಭಾನುವಾರ ಬಂದುಹೋಯಿತು. ಅಂದೂ ಆಡಬೇಕಿದ್ದ ಮಿಥುನ್ ಬಂದು ನಮ್ಮನೆಯವರ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟದ್ದರಿಂದ ಅವರು ಅದರ ಹಿಂದೆ ಹೋಗಬೇಕಾಯಿತು. ತಮ್ಮನ್ನು ಬಾಡಿಗೆಗೆ ತರುವಷ್ಟು ಹಣ ನಮ್ಮ ಬಡಾವಣೆಯವರಲ್ಲಿ ಇಲ್ಲವಾದ್ದರಿಂದ, ಮೊದಲರ್ಧವೆಲ್ಲ ಖಾಲಿ ಕಿವಿಯನ್ನು ಮುಟ್ಟಿಕೊಳ್ಳುತ್ತಿದ್ದರು. ಕೊನೆಯಲ್ಲಿ ಚೆಂಡು ಮಿಥುನನ ಮೈಗೆ ಬಡಿದಾಗ, ಚೌಕ ಬರೆಯಲೆಂದು ಬೆರಳುಗಳು ಮೇಲೆದ್ದವು; ಅಂಚಿನಲ್ಲಿ ಪುರಿ ಮಾರುವವನ ಹೊರತು ಯಾರೂ ಇರಲಿಲ್ಲ. ಬೆರಳು ಇಳಿದವು, ಸೀಟಿ ಬಾಯಿಗೆ ಹೋಯಿತು, ಪೆನಾಲ್ಟಿ. ನಾನು ಕಂಡಂತೆ ಚೆಂಡು ತಗುಲಿದ್ದು ಹೊಟ್ಟೆಗೆ. ಊರೆಲ್ಲ ಎದ್ದು ಬೈಯಿತು, ನಾನೂ ಎದ್ದು, "ಏನ್ರೀ, ಕಣ್ಣು ಮನೇಲಿಟ್ಟು ಬಂದಿದ್ದೀರಾ?" ಎಂದು ಕೂಗಿದೆ. ಅಷ್ಟು ಜನರಲ್ಲಿ ಆ ಮಾತು ಅರ್ಥವಾಗುವವರು ಅವರೊಬ್ಬರೇ. ಗೆರೆಯವರೆಗೆ ಓಡಿ ಬಂದು, ಎದೆ ಸೆಟೆಸಿ, ನನ್ನ ಮುಖದ ಮುಂದೆ ಹಳದಿ ಕಾರ್ಡು ಹಿಡಿದರು. ಇಂಥ ಕಾರ್ಡು ತಮ್ಮ ಪರಿಶೀಲನೆಗೆ ಒಳಪಡುವುದಿಲ್ಲವೆಂದು ಖುಷಿ ಹೇಳುತ್ತಾಳೆ. ಒಳಪಟ್ಟರೂ ತಾವು ಶ್ರಮಪಡಬೇಡಿ, ನಾನು ಮೇಲ್ಮನವಿ ಸಲ್ಲಿಸುವುದಿಲ್ಲ.