ತಾರಸಿ ಏರಿದ ಬಾಣಲೆ

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಗೆ ಬಂದು "ರವಿಚಂದ್ರ ಮೇಷ್ಟ್ರ ಮನೆ ಯಾವುದು?" ಎಂದು ಯಾರನ್ನಾದರೂ ಕೇಳಿ. ಅವರು ಬಾಯಿ ಬಿಡುವುದಿಲ್ಲ, ಬೆರಳೆತ್ತಿ ಮೇಲೆ ತೋರಿಸುತ್ತಾರೆ. ತಾರಸಿಯ ಮೇಲೊಂದು ಕಬ್ಬಿಣದ ಪೈಪು, ಪೈಪಿನ ತುದಿಯಲ್ಲಿ ಬೋಂಡ ಕರಿಯುವ ಬಾಣಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನ ಮನೆಗೆ ಇದಕ್ಕಿಂತ ಒಳ್ಳೆಯ ಬೋರ್ಡು ಬೇಕೇ ಎಂದು ನೀವು ಹೇಳಬಹುದು. ಆದರೆ ಆ ಬಾಣಲೆ ಒಲೆಯ ಮೇಲೇ ಇದ್ದಿದ್ದರೆ ಈ ಸಂಜೆ ನಾನು ಹೀಗೆ ಒಬ್ಬನೇ ಕೂತು ನಿಮ್ಮ ಹತ್ತಿರ ಗೋಳು ಹೇಳಿಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ನನ್ನ ಷಡ್ಡಕ ನರಸಿಂಹಪ್ಪನವರಿಂದ. ಅಂದರೆ ನನ್ನ ಹೆಂಡತಿ ಶೈಲಜಾಳ ಅಕ್ಕ ಅನಸೂಯಮ್ಮನ ಯಜಮಾನರು. ಎದುರು ಸಾಲಿನಲ್ಲಿ ನಾಲ್ಕು ಮನೆ ಆಚೆಗೆ ಅವರ ಮನೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಕೆಲಸ. ನಾನು ಬ್ರಾಡ್‌ಬ್ಯಾಂಡ್ ಹಾಕಿಸಿದ ದಿನದಿಂದ (ಎರಡು ಸಾವಿರದ ಏಳನೇ ಇಸವಿ, ನಮ್ಮ ಬೀದಿಗೇ ಮೊದಲನೆಯದು, ದಯವಿಟ್ಟು ಗಮನಿಸಿ) ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಬಂದುಬಿಡುತ್ತಿದ್ದರು. ಚಪ್ಪಲಿ ಬಿಟ್ಟು ನೇರವಾಗಿ ಕಂಪ್ಯೂಟರಿನ ಮುಂದೆ ನನ್ನ ಕುರ್ಚಿಯಲ್ಲಿ ವಿರಾಜಮಾನರಾಗುತ್ತಿದ್ದರು. ಗೂಡು ಬೇಯಿಸಿದ ವಾಸನೆ ಅವರ ಅಂಗಿಯಿಂದ ಕುರ್ಚಿಗೆ ಇಳಿದು, ಅವರು ಹೋದ ಮೇಲೂ ಅಲ್ಲೇ ಠಿಕಾಣಿ ಹೂಡಿರುತ್ತಿತ್ತು.

ಒಂದೇ ಬೆರಳಲ್ಲಿ ಕೀಬೋರ್ಡ್ ಕುಟ್ಟಿ, ತೆಲುಗು ಪೇಪರು ತೆಗೆದು, ಗಟ್ಟಿಯಾಗಿ ಓದಿ, ನನಗೆ ಅರ್ಥವಾಗದಿದ್ದರೆ ಎಂದು ಕನ್ನಡದಲ್ಲಿ ಭಾಷ್ಯವನ್ನೂ ಬರೆಯುತ್ತಿದ್ದರು, ಬಾಯಲ್ಲೇ. "ಏಮಪ್ಪಾ ರವಿ, ಹಿಂದೂಪುರದ ಹತ್ರ ಮದುವೆ ಗಂಡು ಬಸ್ಸು ಮಿಸ್ ಮಾಡ್ಕೊಂಡ್ನಂತೆ, ಹೆಣ್ಣೇ ಹುಡುಕ್ಕೊಂಡು ಹೋದ್ಲಂತೆ ಕಣಪ್ಪ."

ನನಗೋ ಇಂಟರ್‌ನೆಟ್ಟಿನಲ್ಲಿ ಚೆಸ್ ಆಡುವ ಹುಚ್ಚು. ಬ್ರೆಜಿಲ್ ದೇಶದ ಯಾರೋ ಮಹಾನುಭಾವ ನನ್ನ ಮಂತ್ರಿಯ ಕುತ್ತಿಗೆಗೆ ಕತ್ತಿ ಹಿಡಿದು ಕಾಯುತ್ತಿದ್ದರೆ, ನಾನಿಲ್ಲಿ ಹಿಂದೂಪುರದ ಮದುವೆಗಂಡಿನ ಯೋಗಕ್ಷೇಮ ಕೇಳುತ್ತಾ ಕೂತಿರಬೇಕು. ಸಮಾಧಾನಕ್ಕಿದ್ದದ್ದು ಬೋಂಡ ಒಂದೇ. ಭಾವ ಬಂದರೆಂದರೆ ಶೈಲಜಾ ಬಾಣಲೆ ಇಡುತ್ತಿದ್ದಳು. ನನ್ನೊಬ್ಬನ ಸಲುವಾಗಿ ಆ ಬಾಣಲೆ ಒಲೆ ಏರಿದ ದಾಖಲೆ ನಮ್ಮ ಮನೆಯ ಇತಿಹಾಸದಲ್ಲಿಲ್ಲ.

ಒಂದು ದಿನ ಇಂಟರ್‌ನೆಟ್ಟಿನಲ್ಲೇ ಓದಿದೆ. ವೈರ್‌ಲೆಸ್ ಪೆಟ್ಟಿಗೆಯ ಕಡ್ಡಿಯನ್ನು ಬಾಣಲೆಯ ಗುಂಡಿಯೊಳಗೆ ನಿಲ್ಲಿಸಿದರೆ ಅಲೆಗಳು ದಿಕ್ಕಾಪಾಲಾಗದೆ ನೆಟ್ಟಗೆ ಒಂದೇ ಕಡೆ ಹೋಗುತ್ತವಂತೆ, ತಂತಿಯ ಹಂಗಿಲ್ಲದೆ ನಾಲ್ಕು ಮನೆ ದಾಟುತ್ತವಂತೆ. ಷಡ್ಡಕರ ಮನೆಯಲ್ಲಿ ಮಗಳು ತನುಜಳ ಓದಿಗೆಂದು ತಂದ ಕಂಪ್ಯೂಟರ್ ಮುಸುಕು ಹೊದ್ದು ಕೂತಿತ್ತು. ಅಲ್ಲಿಗೆ ಇಂಟರ್‌ನೆಟ್ ಹೋದರೆ ಷಡ್ಡಕರು ಅಲ್ಲೇ, ನಾನು ನನ್ನ ಕುರ್ಚಿಯಲ್ಲೇ. ಅಂದು ಸಂಜೆಯೇ ವಿಷಯ ಎತ್ತಿದೆ.

"ಅಣ್ಣ, ದಿನಾ ಇಷ್ಟು ದೂರ ಬರೋ ತೊಂದರೆ ನಿಮಗ್ಯಾಕೆ? ನಿಮ್ಮನೇಲೇ ಕೂತ್ಕೊಂಡು ನೋಡೋ ಹಂಗೆ ಮಾಡ್ಕೊಡ್ತೀನಿ."

ಬೋಂಡ ಬಾಯಿಗಿಡುತ್ತಿದ್ದವರು ಕೈ ಕೆಳಗಿಳಿಸಿದರು. "ತೊಂದರೇನಾ? ನಂಗೇನೂ ತೊಂದರೆ ಇಲ್ವಲ್ಲಪ್ಪ."

"ನಿಮಗಿಲ್ದಿದ್ರೂ ನಂಗೆ ಮನಸ್ಸು ತಡೀತಿಲ್ಲ ಅಣ್ಣ."

ಅವರು ಕೈಯಲ್ಲಿದ್ದ ಬೋಂಡವನ್ನು ತಟ್ಟೆಗೆ ವಾಪಸ್ಸಿಟ್ಟು, "ಆಯ್ತು, ಮಾಡಪ್ಪ" ಎಂದು ಎದ್ದರು. ತಟ್ಟೆಯಲ್ಲಿ ಒಂದು ಬೋಂಡ ಉಳಿದಿತ್ತು. ಅದನ್ನೂ ನಾನೇ ತಿಂದೆ.

ಶೈಲಜಾ ನೆಂಟರೊಬ್ಬರ ಮನೆಯ ನಾಮಕರಣಕ್ಕೆಂದು ಚಿಂತಾಮಣಿಗೆ ಹೋದ ದಿನ ನೋಡಿಕೊಂಡು ಕಾರ್ಯಾಚರಣೆಗೆ ಇಳಿದೆ. ಅಡುಗೆಮನೆಯಲ್ಲಿ ಅಷ್ಟಗಲದ ಬಾಣಲೆ ಅದೊಂದೇ. ನನ್ನ ಅತ್ತೆಯವರು ಮದುವೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದರಂತೆ ಕೊಟ್ಟ ಅವಳಿ ಬಾಣಲೆಗಳಲ್ಲಿ ನಮ್ಮ ಪಾಲಿನದು. ವೆಲ್ಡಿಂಗ್ ಅಂಗಡಿಯ ಆವುಲಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾ, ಮನೇಲಿ ಅಮ್ಮಾವ್ರಿಗೆ ಗೊತ್ತಾ?" ಎಂದ.

"ವಿಜ್ಞಾನಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವಳು ಬರೋದ್ರೊಳಗೆ ತೂತು ಹೊಡಿ" ಎಂದೆ.

ಮಾರನೆಯ ದಿನ ಆಟೋ ಇಳಿದ ಶೈಲಜಾ ಬೀದಿಯಲ್ಲೇ ನಿಂತು ತಲೆಯೆತ್ತಿದಳು.

"ಏನ್ರೀ ಅದು?"

"ಆಂಟೆನಾ."

"ಅದು ನಮ್ಮಮ್ಮ ಕೊಟ್ಟಿದ್ದ ಬಾಣಲೆ."

"ಅದೂ ಹೌದು."

"ಇಳಿಸ್ರೀ ಕೆಳಗೆ."

"ಇಳಿಸಬಹುದು ಕಣೇ. ತಳದಲ್ಲಿ ಮಾತ್ರ ಒಂದು ಸಣ್ಣ ಕಿಂಡಿ ಇದೆ. ಬೇಕಾದ್ರೆ ಹೊಸದು ತಂದ್ಕೊಡ್ತೀನಿ."

"ಹೊಸ ಬಾಣಲೇಲಿ ಬೋಂಡ ತಳ ಹಿಡಿಯುತ್ತೆ, ಎಣ್ಣೆ ಕುಡಿಯುತ್ತೆ. ಮದುವೆ ಆದಾಗಿಂದ ಕರ್ದು ಕರ್ದು ಪಳಗಿಸಿದ್ದೆ ಅದನ್ನ. ನಿಮ್ಮನ್ನ ಪಳಗಿಸೋಕೂ ಅಷ್ಟು ಕಷ್ಟಪಟ್ಟಿರಲಿಲ್ಲ." ನನ್ನನ್ನು ಪಳಗಿಸುವುದರಲ್ಲಿ ತಾನು ಸೋತದ್ದು ಅವಳಿಗೆ ಆಗ ತಾನೇ ಗೊತ್ತಾದಂತಿತ್ತು.

ಅದೇನೇ ಇರಲಿ, ವಿಜ್ಞಾನ ಗೆದ್ದಿತು. ಷಡ್ಡಕರ ಮನೆಯ ಪರದೆಯ ಮೇಲೆ ತೆಲುಗು ಪೇಪರು ಮೂಡಿತು. ನಾನು ಮನೆಗೆ ಬಂದವನೇ ನನ್ನ ಕುರ್ಚಿಯನ್ನು ಅಂಗಳಕ್ಕೆಳೆದು ಫಿನಾಯಿಲ್ ಹಾಕಿ ತಿಕ್ಕಿ ತೊಳೆದೆ. ಸಂಜೆ ಪಟ್ಟಾಭಿಷಿಕ್ತನಂತೆ ಅದರಲ್ಲಿ ಕೂತು ಬ್ರೆಜಿಲ್‌ನವನ ಮೇಲೆ ಯುದ್ಧ ಸಾರಿದೆ. ಅಷ್ಟರಲ್ಲಿ ಶೈಲಜಾ ಹಿಟ್ಟು ಕಲಸಿದ ಪಾತ್ರೆಗೆ ತಟ್ಟೆ ಮುಚ್ಚಿಕೊಂಡು ಹೊರಟು ನಿಂತಳು.

"ಎಲ್ಲಿಗೆ?"

"ಅಕ್ಕನ ಮನೆಗೆ. ಅಲ್ಲಿ ಬಾಣಲೆ ಇದೆ."

"ಹಾಗಾದ್ರೆ ನಾನೂ..."

"ನೀವು ಬಂದ್ರೆ ಹೆಂಗೆ? ಗಾಳಿ ಬೀಸಿದ್ರೆ ಬಾಣಲೆ ತಿರುಗುತ್ತೆ, ಯಾರಾದ್ರೂ ನೋಡ್ಕೋತಿರಬೇಕು ಅಂತ ನೀವೇ ಹೇಳಿದ್ರಲ್ಲ. ಚೆಸ್ ಬೇರೆ ಇದೆ."

ಅಂದು ನಾನು ಬ್ರೆಜಿಲ್‌ನವನನ್ನು ಸೋಲಿಸಿದೆ. ಅವನು ಒಂದು ಮಾತೂ ಆಡದೆ ಎದ್ದು ಹೋದ. ನಾನು ಗೆದ್ದೆ ಎಂದು ಹೇಳಿಕೊಳ್ಳೋಣವೆಂದರೆ ಮನೆಯಲ್ಲಿ ಗೋಡೆಗಳು ಬಿಟ್ಟರೆ ಯಾರೂ ಇರಲಿಲ್ಲ. ಷಡ್ಡಕರಿದ್ದಿದ್ದರೆ ಪೇಪರಿನ ನಡುವೆ ನನ್ನ ಆಟಕ್ಕೂ ಇಣುಕಿ, ಕುದುರೆಯನ್ನು ಕತ್ತೆ ಎಂದೇ ಕರೆದು, "ನಿನ್ನ ಕತ್ತೆ ಏಮಪ್ಪಾ ಅಡ್ಡಡ್ಡ ಹೋಗುತ್ತೆ?" ಎಂದು ಕೇಳುತ್ತಿದ್ದರು. ಆಗೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ಮಾತನ್ನು ಯಾರಾದರೂ ಒಂದು ಸಲ ಕೇಳಲಿ ಅನ್ನಿಸತೊಡಗಿತು. ದಿನಾ ಸಂಜೆ ಹಿಟ್ಟಿನ ಪಾತ್ರೆ ಬಾಗಿಲು ದಾಟುತ್ತಿತ್ತು. ಎದುರು ಸಾಲಿನಿಂದ ನಗು ಕೇಳಿಬರುತ್ತಿತ್ತು. ಆ ನಗು ನಾಲ್ಕು ಮನೆ ದಾಟಿ ಬರುವುದಕ್ಕೆ ತಾರಸಿಯ ಬಾಣಲೆಯೂ ಬೇಕಿರಲಿಲ್ಲ.

ಕೊನೆಗೆ ಒಂದು ಉಪಾಯ ಹೂಡಿದೆ. ತಾರಸಿ ಹತ್ತಿ ಬಾಣಲೆಯ ಮುಖವನ್ನು ನಂದಿಬೆಟ್ಟದ ಕಡೆಗೆ ತಿರುಗಿಸಿಬಿಟ್ಟೆ. ಇಂಟರ್‌ನೆಟ್ ಹೋದರೆ ಷಡ್ಡಕರು ದೂರು ತೆಗೆದುಕೊಂಡು ಬರಲೇಬೇಕು. ಬಂದವರನ್ನು ಹಾಗೇ ಕೂರಿಸಿಕೊಂಡರಾಯಿತು. ಕುರ್ಚಿ ಒರೆಸಿಟ್ಟೆ. ಚಪ್ಪಲಿ ಸದ್ದಿಗೆ ಕಿವಿ ಕೊಟ್ಟು ಕಾದೆ. ಆ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ತಡೆಯಲಾರದೆ ನಾನೇ ಹೋದೆ.

ಅವರು ಹಜಾರದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ಅಕ್ಕತಂಗಿಯರು ಒಲೆಯ ಮುಂದೆ. ಮೂಲೆಯಲ್ಲಿ ಕಂಪ್ಯೂಟರ್ ಎಂದಿನಂತೆ ಮುಸುಕು ಹೊದ್ದಿತ್ತು.

"ಅಣ್ಣ, ನೆಟ್ ಬರ್ತಿದ್ಯಾ?"

"ನೆಟ್ಟಾ? ಗೊತ್ತಿಲ್ಲಪ್ಪ. ನೀನು ಹಾಕ್ಕೊಟ್ಟ ದಿನ ನೋಡಿದ್ದೇ ಕಡೆ."

"ಮತ್ತೆ ತೆಲುಗು ಪೇಪರು?"

"ಬಸ್‌ಸ್ಟ್ಯಾಂಡ್ ಅಂಗಡೀಲಿ ಬರುತ್ತಲ್ಲ. ಬೆಳಗ್ಗೇನೇ ಓದಿಬಿಟ್ಟಿರ್ತೀನಿ."

"ಬೆಳಗ್ಗೆ ಓದಿದ್ದನ್ನೇ ಸಾಯಂಕಾಲ ನಮ್ಮನೇಗೆ ಬಂದು..."

"ನಿಂಗೆ ಓದಿ ಹೇಳ್ತಿದ್ನಲ್ಲಪ್ಪ" ಎಂದರು.

ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು. ಒಂದು ಬೋಂಡ ಉಳಿದಿತ್ತು. ತೆಗೆದುಕೊಂಡು ಕೈಯಲ್ಲೇ ಹಿಡಿದುಕೊಂಡೆ.

"ನಾಳೆಯಿಂದ ನಮ್ಮನೆಗೇ ಬನ್ನಿ ಅಣ್ಣ" ಎಂದೆ.

"ಬಿಡಪ್ಪ. ದಿನಾ ಅಷ್ಟು ದೂರ ಬರೋ ತೊಂದರೆ ಯಾಕೆ? ನೀನೇ ಅಷ್ಟು ಕಷ್ಟಪಟ್ಟು ಬಾಣಲೆಗೆ ತೂತು ಹೊಡ್ಸಿದೀಯ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿ ಎಳೆದುಕೊಂಡಾದರೂ ಬರಬಹುದಿತ್ತು.

ಮನೆಗೆ ಬಂದೆ. ಕಂಪ್ಯೂಟರ್ ಹಾಕಲು ಮನಸ್ಸಾಗಲಿಲ್ಲ. ಯಾಕೋ ಬಗ್ಗಿ ಕುರ್ಚಿಯ ಬೆನ್ನನ್ನು ಮೂಸಿ ನೋಡಿದೆ. ಹಿಟ್ಟಿನ ಪಾತ್ರೆ ಹಿಡಿದು ಹಿಂದೆಯೇ ಬಂದ ಶೈಲಜಾ ಬಾಗಿಲಲ್ಲಿ ನಿಂತಳು.

"ಏನ್ರೀ ಮಾಡ್ತಿದೀರ?"

"ಸಿಗ್ನಲ್ ಬರ್ತಿದ್ಯಾ ಅಂತ ನೋಡ್ತಿದ್ದೆ."

"ಬರ್ತಿದ್ಯಾ?"

"ಇಲ್ಲ ಕಣೇ" ಎಂದೆ. "ಬರೀ ಫಿನಾಯಿಲು."